ಪಕ್ಕೆಲುಬು

"ಸೂಳಿಮಗನ, ಎಲುಬು ಅಂತಿ? ನನ್ನ ಮಗಳ ಲಗ್ನದ ಕಾರ್ಡಿಗೆ ಎಲುಬು ಹಚ್ಚೀಯೇನಲೇ?"

ಹುಚ್ಚೀರಪ್ಪ ಬುಡ್ಡೇಸಾಬನ ಕೊರಳಪಟ್ಟಿ ಹಿಡಿದು ಅವನನ್ನು ಕಟಿಂಗ್ ಮಷೀನಿನ ಅಂಚಿಗೆ ಒತ್ತಿದ್ದ. ಮಷೀನು ಇನ್ನೂ ಗುಂಯ್‌ಗುಡುತ್ತಿತ್ತು. ಬುಡ್ಡೇಸಾಬ ಒಂದು ಕೈಯನ್ನು ಹಿಂದಕ್ಕೆ ಚಾಚಿ ತಡಕಾಡಿ ಗುಂಡಿ ಒತ್ತಿ ಅದನ್ನು ನಿಲ್ಲಿಸಿದ. ಮೂವತ್ತು ವರ್ಷ ಕಾಗದ ಕತ್ತರಿಸಿದವನಿಗೆ ಆ ಹೊತ್ತಿನಲ್ಲೂ ಬ್ಲೇಡಿನ ಭಯವೇ ದೊಡ್ಡದಾಗಿತ್ತು.

ಸ್ವಲ್ಪ ಹೊತ್ತಿನ ಮುಂಚೆ ಎಲ್ಲ ಚೆನ್ನಾಗಿಯೇ ಇತ್ತು. ಡೋಣಿ ಎಂಬ ಹಳ್ಳಿಯ ದೊಡ್ಡ ಒಕ್ಕಲುತನದ ಮನೆಯವ, ಗದಗಿನಲ್ಲಿ ಕಾಳುಕಡಿಯ ದಲ್ಲಾಳಿ ಅಡತಿ ಅಂಗಡಿ ಇಟ್ಟವ ಈ ಹುಚ್ಚೀರಪ್ಪ. ಮಗಳು ನೇತ್ರಾಳ ಲಗ್ನಪತ್ರಿಕೆಗಳು ಹೇಗಾಗಿವೆ ಎಂದು ನೋಡಲು ತಮ್ಮನ ಮಗ ಸುದೀಪನನ್ನು ಕರೆದುಕೊಂಡು ಸಿದ್ದಾರೂಢನ ಬೈಂಡಿಂಗ್ ಅಂಗಡಿಗೆ ಬಂದಿದ್ದ. ಪತ್ರಿಕೆ ದಪ್ಪ ರಟ್ಟಿನದು. ದೇವರಮನೆಯ ಬಾಗಿಲಿನಂತೆ ಎರಡೂ ಕಡೆ ತೆರೆದುಕೊಳ್ಳುವಂಥದು. ಹೊರಗೆ ಬಂಗಾರದ ಬಣ್ಣದ ಬಳ್ಳಿ, ಒಳಗೆ ಗಣಪತಿ. ಹುಚ್ಚೀರಪ್ಪ ಅದನ್ನು ತೆರೆದು ಮುಚ್ಚಿ, ಮುಚ್ಚಿ ತೆರೆದು ಖುಷಿಪಟ್ಟ. ಮಡಿಕೆಯ ಮೇಲೆ ಬೆರಳಾಡಿಸಿ, "ಒಂದ ಬಿರುಕಿಲ್ಲ ನೋಡೋ ಸುದೀಪ" ಎಂದ. ಆಮೇಲೆ ಕೆಲಸದ ಹಲಗೆಯ ಮೇಲಿದ್ದ ಒಂದು ಸಾಮಾನು ಅವನ ಕಣ್ಣಿಗೆ ಬಿತ್ತು. ಗೇಣುದ್ದ, ಹಳದಿಗೆ ತಿರುಗಿದ ಬಿಳುಪು, ಒಂದು ತುದಿ ಚೂಪು, ಇನ್ನೊಂದು ತುದಿ ದುಂಡಗೆ. ಕೈಯಲ್ಲಿ ಹಿಡಿದರೆ ತಣ್ಣಗೆ, ನುಣ್ಣಗೆ. ಅವನು ಅದನ್ನು ಗಲ್ಲಕ್ಕೆ ಒತ್ತಿಕೊಂಡು, "ದಂತ ಏನಲೇ ಇದು?" ಎಂದು ಕೇಳಿದ.

ಬುಡ್ಡೇಸಾಬ ಮಷೀನಿನಿಂದ ಕಣ್ಣು ತೆಗೆಯದೆ, "ಎಲುಬ್ರಿ ಸಾವ್ಕಾರ್ರ" ಎಂದಿದ್ದ. ಅಷ್ಟೆ.

ಈಗ ಸುದೀಪ ಮೊಬೈಲು ಎತ್ತಿ ಹಿಡಿದಿದ್ದ. "ಹೇಳಲೇ, ಎಂಥಾ ಎಲುಬು? ಎಲ್ಲಿ ಕಡದಿ? ಈಕಡೆ ನೋಡಿ ಹೇಳು."

"ಇಲ್ರೀ... ನಂಗೊತ್ತಿಲ್ರಿ... ನಾ ಬರೇ ಕಟಿಂಗ್ ಮಾಡಾವ್ರಿ..."

"ಗೊತ್ತಿಲ್ಲ? ಸಾಬನ ಕೈಯಾಗ ಎಲುಬು, ಎಲುಬಿನ ಕೆಳಗ ಗಣಪತಿ. ಈ ವಿಡಿಯೋ ಬಿಟ್ರ ಸಂಜಿಮಟ ನಿನ್ನ ಮನಿ ಉಳೀತೈತೇನು ನೋಡೂಣು."

ಮಾಲೀಕ ಸಿದ್ದಾರೂಢ ಕೈಮುಗಿದು ನಡುವೆ ಬಂದ. ಹುಚ್ಚೀರಪ್ಪ ಅವನನ್ನು ಮೊಣಕೈಯಿಂದ ಸರಿಸಿದ. ಚಾಪೆಯ ಮೇಲೆ ಕೂತು ಪತ್ರಿಕೆ ಮಡಿಸುತ್ತಿದ್ದ ಹೆಂಗಸರು ತಲೆ ಎತ್ತಲಿಲ್ಲ. ಅವರಲ್ಲೊಬ್ಬಳು ಮಾತ್ರ ಸೆರಗಿಗೆ ಕೈ ಒರೆಸಿಕೊಂಡು ಎದ್ದು ನಿಂತಳು.

"ಅದು ನಂದ್ರಿ" ಎಂದಳು ಸಾವಂತ್ರೆವ್ವ.

ಎಲ್ಲರೂ ತಿರುಗಿದರು. ಪಕ್ಕದಲ್ಲಿ ಕೂತಿದ್ದ ಮಗಳು ಮಮತಾ ಅವಳ ಸೀರೆಯ ನೆರಿಗೆ ಹಿಡಿದು ಕೆಳಗೆ ಜಗ್ಗಿದಳು. ಸಾವಂತ್ರೆವ್ವ ಕೂರಲಿಲ್ಲ.

"ಅವರಿಗೇನೂ ಗೊತ್ತಿಲ್ರಿ. ಅದು ನನ್ನ ಕೆಲಸದ ಸಾಮಾನ್ರಿ. ನಮ್ಮಪ್ಪ ಮಾಡಿಕೊಟ್ಟದ್ದು. ಎತ್ತಿನ ಪಕ್ಕೆಲುಬರಿ. ಕಡದದ್ದಲ್ಲ, ಸತ್ತ ಎತ್ತಿಂದು."

ಹುಚ್ಚೀರಪ್ಪನ ಕೈ ಬುಡ್ಡೇಸಾಬನ ಕೊರಳಿನಿಂದ ಸಡಿಲಿತು. ಇನ್ನೊಂದು ಕೈಯಲ್ಲಿದ್ದ ಎಲುಬನ್ನು ಬೆಂಕಿಯ ಕೊಳ್ಳಿ ಬಿಟ್ಟಂತೆ ನೆಲಕ್ಕೆ ಬಿಟ್ಟ. ಅಂಗಿಯ ತೋಳಿನಿಂದ ಗಲ್ಲ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. ಆಮೇಲೆ ಅವಳ ಮುಖವನ್ನೇ ನೋಡಿದ.

"ಯಾವೂರಕಿಲೇ ನೀ?"

"ಬೆಟಗೇರಿರಿ. ತವರು ಡೋಣಿ."

"ಡೋಣಿ? ಯಾರ ಮಗಳು?"

"ಕೆಳಗೇರಿ ತಿರಕಪ್ಪನ ಮಗಳ್ರಿ."

"ಓಹೋ" ಎಂದು ಹುಚ್ಚೀರಪ್ಪ ಎಳೆದ. "ಸತ್ತ ದನ ಎಳಿಯೂ ತಿರಕ್ಯಾನ ಮಗಳು! ಗದಗಕ್ಕ ಬಂದು ಪ್ಯಾಟಿ ಸೀರಿ ಉಟ್ಟು ನಮ್ಮ ಮನಿ ಲಗ್ನಪತ್ರಿಕಿ ಮುಟ್ಟಾಕತ್ತೀಯಲ್ಲ. ಏನೋ ಸಿದ್ದಾರೂಢ, ನಿನ್ನ ಅಂಗಡಿಯಾಗ ಮಂದಿ ಯಾರಾರ ಅಂತ ಕೇಳೂದಿಲ್ಲೇನ್ ನೀ?"

ಸಿದ್ದಾರೂಢ ಬೆವರು ಒರೆಸಿಕೊಂಡ. "ತಪ್ಪಾತ್ರಿ ಸಾವ್ಕಾರ್ರ. ಇವತ್ತ ಹೊರಗ ಹಾಕ್ತೀನ್ರಿ."

---

ಸಾವಂತ್ರೆವ್ವ ಆ ಅಂಗಡಿಗೆ ಬಂದಾಗ ಮಮತಾ ಇನ್ನೂ ತೊಟ್ಟಿಲಲ್ಲಿದ್ದಳು. ಗಂಡ ಗಾರೆ ಕೆಲಸದಲ್ಲಿ ಬಿದ್ದು ತೀರಿಕೊಂಡಿದ್ದ. ಮೊದಮೊದಲು ಅವಳು ನೋಟ್‌ಬುಕ್ಕಿನ ಹಾಳೆ ಮಡಿಸುತ್ತಿದ್ದಳು. ಆಮೇಲೆ ಲಗ್ನಪತ್ರಿಕೆ. ತೆಳು ಕಾಗದವನ್ನು ಯಾರು ಬೇಕಾದರೂ ಮಡಿಸುತ್ತಾರೆ. ದಪ್ಪ ರಟ್ಟು ಹಾಗಲ್ಲ, ಹೇಗೆಂದರೆ ಹಾಗೆ ಮಡಿಸಿದರೆ ಬೆನ್ನು ಒಡೆಯುತ್ತದೆ. ಬಂಗಾರದ ಬಣ್ಣ ಸಿಡಿದು ಒಳಗಿನ ಬಿಳಿ ನಾರು ಕಾಣುತ್ತದೆ. ಅದಕ್ಕೆ ಮೊದಲು ಗೆರೆ ಹಾಕಬೇಕು. ಮಸಿ ತೀರಿದ ಬಾಲ್‌ಪೆನ್ನಿನ ಮೂತಿಯಿಂದ ಉಕ್ಕಿನ ಪಟ್ಟಿಯ ಗುಂಟ, ಕಾಗದ ಹರಿಯದಂತೆ, ಬರೀ ತಗ್ಗು ಬೀಳುವಂತೆ ಎಳೆಯಬೇಕು. ಆ ಗೆರೆಯ ಮೇಲೆ ಮಡಿಸಿ, ಮಡಿಕೆಯ ಮೇಲೆ ಎಲುಬಿನಿಂದ ಒಮ್ಮೆ ತೀಡಬೇಕು. ಒಮ್ಮೆ ಮಾತ್ರ. ಎರಡನೆಯ ಸಲ ತೀಡಿದರೆ ಕಾಗದ ಹೊಳೆದು ಕಲೆಯಾಗುತ್ತದೆ.

ಗೆರೆ ಹಾಕುವ ಮಷೀನೂ ಅಂಗಡಿಯಲ್ಲಿತ್ತು. ಆದರೆ ಬಂಗಾರದ ಬಣ್ಣ ಬಳಿದ ರಟ್ಟನ್ನು ಅದು ಒಡೆಯುತ್ತಿತ್ತು. ಸಿದ್ದಾರೂಢ ಹುಬ್ಬಳ್ಳಿಯಿಂದ ಪ್ಲಾಸ್ಟಿಕ್ಕಿನ ಪಟ್ಟಿಗಳನ್ನು ತಂದುಕೊಟ್ಟಿದ್ದ. ಅವು ತೀಡಿದ ಕಡೆ ಬೂದು ಗೆರೆ ಬಿಡುತ್ತಿದ್ದವು. ಹೀಗಾಗಿ ದೊಡ್ಡ ಮನೆಗಳ ಪತ್ರಿಕೆಗಳೆಲ್ಲ ಸಾವಂತ್ರೆವ್ವನ ಮುಂದೆ ಬಂದು ಬೀಳುತ್ತಿದ್ದವು.

ಆ ಎಲುಬನ್ನು ಅವಳ ಅಪ್ಪ ತಿರಕಪ್ಪ ಚಪ್ಪಲಿ ಹೊಲಿಯುವ ಕಾಲಕ್ಕೆ ಚರ್ಮ ಮಡಿಸಲು ಮಾಡಿಕೊಂಡಿದ್ದ. ಡೋಣಿಯಲ್ಲಿ ಅವನ ಕೈಯ ಚಪ್ಪಲಿ ಕೇಳುವವರು ಇಲ್ಲವಾದ ಮೇಲೆ, "ಚರ್ಮ ಮಡಚೂದೂ ಒಂದ, ಕಾಗದ ಮಡಚೂದೂ ಒಂದ, ಇಟ್ಕೋ" ಎಂದು ಮಗಳಿಗೆ ಕೊಟ್ಟಿದ್ದ. ಅದರ ದುಂಡು ತುದಿಯ ಹತ್ತಿರ ಸಣ್ಣದೊಂದು ಗಂಟಿತ್ತು. ಹಿಡಿದಾಗ ಹೆಬ್ಬೆರಳು ತಾನಾಗಿಯೇ ಅಲ್ಲಿ ಕೂರುತ್ತಿತ್ತು. ಇಷ್ಟು ವರ್ಷ ಅದು ಏನು, ಯಾರದು ಎಂದು ಅವಳನ್ನು ಒಬ್ಬರೂ ಕೇಳಿರಲಿಲ್ಲ.

---

ಹುಚ್ಚೀರಪ್ಪ ಅಂಗಡಿಯ ಕಟ್ಟೆಯ ಮೇಲೆ ಕೂತು, ಫೋನಿನಲ್ಲಿ ತಮ್ಮ ಮನೆಯ ಪೂಜೆಯ ಅಯ್ಯನವರನ್ನು ಕೇಳಿ ತೀರ್ಪು ಹೇಳಿದ. ಸೋಮವಾರ ಸಾವಂತ್ರೆವ್ವ ಎಲುಬು ತೆಗೆದುಕೊಂಡು ಡೋಣಿಗೆ ಬರಬೇಕು. ಅದನ್ನು ಮಾಡಿದವನೂ ಬರಬೇಕು. ಸಾವ್ಕಾರರ ಮನೆಯ ಅಂಗಳದಲ್ಲಿ, ಅಯ್ಯನವರ ಮುಂದೆ, ಆ ಎಲುಬನ್ನು ಮಾಡಿದವನೇ ಕಲ್ಲಿನಿಂದ ಕುಟ್ಟಿ ಪುಡಿ ಮಾಡಬೇಕು. ತಪ್ಪಾಯಿತು ಎಂದು ಮಗಳು ಅಡ್ಡ ಬೀಳಬೇಕು. ಅಲ್ಲಿಯವರೆಗೆ ಉಳಿದ ಪತ್ರಿಕೆಗಳನ್ನು ಯಾರೂ ಮುಟ್ಟಬಾರದು.

"ಬರಲಿಲ್ಲಂದ್ರ ಈ ವಿಡಿಯೋ ಬಿಡ್ತೀನಿ" ಎಂದ ಸುದೀಪ. "ಇದರಾಗ ನೀ ಇಲ್ಲ. ಸಾಬ ಅದಾನ."

"ನಾ ಹೇಳಿದ್ದನ್ನೂ ಅದರಾಗ ಹಾಕ್ರೆಪಾ" ಎಂದಳು ಸಾವಂತ್ರೆವ್ವ.

ಸುದೀಪ ನಕ್ಕ. "ಅದು ಯಾರಿಗೆ ಬೇಕಾಗೈತಿ?"

ಆ ದಿನ ಸಂಜೆ ಬುಡ್ಡೇಸಾಬ ಅವಳ ಮನೆಯ ಮುಂದೆ ಬಂದು ಸೈಕಲ್ಲು ಹಿಡಿದುಕೊಂಡೇ ನಿಂತ. ಒಳಗೆ ಕರೆದರೂ ಬರಲಿಲ್ಲ. ಕೊರಳಿನ ಮೇಲೆ ಕೆಂಪು ಬರೆ ಎದ್ದಿತ್ತು.

"ತಪ್ಪಾತಕ್ಕಾ. ನಾ ಪ್ಲಾಸ್ಟಿಕ್ ಅನಬೇಕಾಗಿತ್ತು. ಬಾಯಿ ತಪ್ಪಿ ಬಂತು."

"ಖರೆ ಹೇಳಿದ್ದಕ್ಕ ಯಾಕ ತಪ್ಪಣ್ಣಾ?"

"ನಮ್ಮಂಥವ್ರು ಖರೆ ಹೇಳೂಮುಂದ ಬಾಜೂಕ ಯಾರ ನಿಂತಾರ ನೋಡಬೇಕು." ಅವನು ಸೈಕಲ್ಲಿನ ಗಂಟೆಯ ಮುಚ್ಚಳವನ್ನು ಸುಮ್ಮನೆ ತಿರುಗಿಸಿದ. "ಮಗಳ್ನ ಬಾಣೇತನಕ್ಕ ಕರಕೊಂಡು ಬಂದೀವಿ. ಮಂದಿ ಮನಿಗಿ ಬಂದ್ರ ಆಕಿನ್ನ, ಕೂಸನ್ನ ಎಲ್ಲಿ ಒಯ್ಯಲಿ?"

"ನಾ ಹೋಗ್ತೀನಿ. ನೀ ಚಿಂತಿ ಮಾಡಬ್ಯಾಡ."

ಅವನು ಹೋದ ಮೇಲೆ ಮಮತಾ ಸಿಡಿದಳು. ಪಿಯುಸಿ ಮುಗಿಸಿ ಅವ್ವನ ಜೊತೆ ಅಂಗಡಿಗೆ ಹೋಗುತ್ತಿದ್ದವಳು ಅವಳು. "ನಾವ್ಯಾಕ ಅಡ್ಡ ಬೀಳಬೇಕು ಬೇ? ಪೊಲೀಸ್ರಿಗೆ ಹೇಳೂಣು ನಡಿ. ಜಾತಿ ಹಿಡದು ಬೈದಾನ. ಎಲ್ಲಾರೂ ಕೇಳ್ಯಾರ."

"ಕೇಳಿದವ್ರು ಹೇಳ್ತಾರೇನು?"

ಮಮತಾ ಬಾಯಿ ತೆರೆದಳು. ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ ಒಬ್ಬೊಬ್ಬರ ಮುಖವೂ ನೆನಪಾಗಿರಬೇಕು. ಎದ್ದು ಒಲೆಯ ಕಡೆ ಹೋದಳು.

---

ಸೋಮವಾರ ತಾಯಿ ಮಗಳು ಡೋಣಿಯ ಬಸ್ಸು ಹತ್ತಿದರು. ಕಪ್ಪತಗುಡ್ಡದ ನೆತ್ತಿಯ ಮೇಲೆ ಗಾಳಿಯ ಫ್ಯಾನುಗಳು ತಿರುಗುತ್ತಿದ್ದವು. ತಿರಕಪ್ಪ ಮಗನ ಮನೆಯ ಮುಂದೆ ಬೇವಿನ ನೆರಳಿನಲ್ಲಿ ಕೂತಿದ್ದ. ಕಣ್ಣು ಮಂಜಾಗಿದ್ದವು, ಕಿವಿ ಚೆನ್ನಾಗಿತ್ತು. ಮಗಳು ಹೇಳಿದ್ದನ್ನೆಲ್ಲ ಕೇಳಿ, ಎಲುಬನ್ನು ಇಸಿದುಕೊಂಡು ಗಂಟಿನ ಮೇಲೆ ಹೆಬ್ಬೆರಳಿಟ್ಟು ಬಹಳ ಹೊತ್ತು ತಿಕ್ಕಿದ.

"ಯಾರ ಎತ್ತಿಂದು ಅಂತ ಕೇಳಿದ್ನೇನು ಅವ?"

"ಇಲ್ಲ."

"ಕೇಳಲಿಲ್ಲ?" ಎಂದು ಮತ್ತೊಮ್ಮೆ ಕೇಳಿ, ಕೋಲು ಊರಿ ಎದ್ದ.

ಸಾವ್ಕಾರರ ಮನೆಯ ಅಂಗಳಕ್ಕೆ ಚಪ್ಪರದ ಗಳ ತಂದು ಹಾಕಿದ್ದರು. ಅಯ್ಯನವರು ಪಡಸಾಲೆಯ ಗಾದಿಯ ಮೇಲೆ ಚಹಾ ಕುಡಿಯುತ್ತಿದ್ದರು. ಹುಚ್ಚೀರಪ್ಪ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಸುದೀಪ ಕಂಬಕ್ಕೆ ಒರಗಿ ಮೊಬೈಲು ತಯಾರಿಟ್ಟುಕೊಂಡಿದ್ದ. ಮೂವರನ್ನೂ ಹೊರಬಾಗಿಲ ಹತ್ತಿರವೇ, ಬಿಸಿಲಿನಲ್ಲಿ ನಿಲ್ಲಿಸಿದರು. ಆಳೊಬ್ಬ ಒಂದು ಒರಟು ಕಲ್ಲನ್ನೂ ಒಂದು ಗುಂಡುಕಲ್ಲನ್ನೂ ತಂದು ತಿರಕಪ್ಪನ ಮುಂದೆ ಹಾಕಿದ.

"ಕುಟ್ಟಲೇ" ಎಂದ ಹುಚ್ಚೀರಪ್ಪ.

ತಿರಕಪ್ಪ ಕಷ್ಟದಿಂದ ಕುಕ್ಕರಗಾಲಿನಲ್ಲಿ ಕೂತ. ಎಲುಬನ್ನು ಕಲ್ಲಿನ ಮೇಲಿಟ್ಟ. ಗುಂಡುಕಲ್ಲನ್ನು ಎತ್ತಿದವನು ಹಾಗೆಯೇ ಹಿಡಿದು ಕೇಳಿದ:

"ಎಪ್ಪಾ, ಇದು ಕರಿಗಣ್ಯಾಂದು. ಕುಟ್ಲೇನು?"

"ಯಾವ ಕರಿಗಣ್ಯಾ?"

"ನಿಮ್ಮ ಕರಿಗಣ್ಯಾರೀ. ನಿಮ್ಮಪ್ಪಾರ ಎತ್ತು. ಗುಡ್ಡದ ಇಳುವಿನಾಗ ಗಾಡಿ ಉರುಳಿ ಪಕ್ಕೆಲುಬು ಮುರಕೊಂಡಿತ್ತಲ್ರಿ. ಇಲ್ನೋಡ್ರಿ, ಮುರದು ಕೂಡಿದ ಗಂಟು. ಎರಡ ಮಳಿಗಾಲ ಮತ್ತ ದುಡೀತು. ಆಮ್ಯಾಲ ಸತ್ತಾಗ ನೀವ ಹೇಳಿ ಕಳಿಸಿದ್ರಿ, ತಿರಕ್ಯಾ ಬಂದು ಒಯ್ಯಿ ಅಂತ. ನಾನ ಎಳಕೊಂಡು ಹೋಗಿದ್ದು."

"ಸುಳ್ಳ ಬೊಗಳಬ್ಯಾಡಲೇ ಮುದೋಡ್ಯಾ" ಎಂದು ಹುಚ್ಚೀರಪ್ಪ ಎದ್ದ. ಅಷ್ಟರಲ್ಲಿ ಒಳಗಿನಿಂದ ಅವನ ತಾಯಿ ಬಸವಣ್ಣೆವ್ವ ಬಾಗಿಲಿಗೆ ಬಂದಳು. ತೊಂಬತ್ತರ ಹತ್ತಿರದ ಮುದುಕಿ. ಸೊಸೆಯ ಹೆಗಲು ಹಿಡಿದು ನಿಂತಿದ್ದಳು.

"ಕರಿಗಣ್ಯಾ ಅಂದವ್ರ್ಯಾರು?"

ಆಳು ತಿರಕಪ್ಪನ ಕಡೆ ಕೈ ಮಾಡಿದ. "ತರ್ರಿ ಇಲ್ಲೆ" ಎಂದಳು. ಆಳು ಎಲುಬನ್ನು ಒಂದು ಬಾಳೆ ಎಲೆಯಲ್ಲಿ ಎತ್ತಿಕೊಂಡು ಹೋಗಿ ಮುದುಕಿಯ ಮುಂದೆ ಹಿಡಿದ. ಅವಳು ಬೆರಳಿನಿಂದ ತಡವಿದಳು. ಗಂಟು ಸಿಕ್ಕಿತು.

"ಅಯ್ಯ ನನ್ನ ಬಂಗಾರಾ!" ಎಂದು ಮುದುಕಿ ಒಮ್ಮೆಲೇ ಅಳತೊಡಗಿದಳು. "ಈ ಪಕ್ಕೀಗೆ ನಾನ ಅರಿಷಿಣ, ಬೆಲ್ಲ, ಸುಣ್ಣ ಕೂಡಿಸಿ ಹಚ್ಚಿದ್ನೋ. ನನ್ನ ಕೈ ಆಡದ ಹುಲ್ಲ ತಿಂತಿದ್ದಿಲ್ಲ ಅದು. ಕರಾ ಇದ್ದಾಗಿಂದ ನಾನ ಜ್ವಾಪಾನ ಮಾಡಿದ್ದು. ಬಸವಣ್ಣ ಬಂದಾನೋ ಮನಿಗೆ! ಲಗ್ನದ ಹೊತ್ತಿಗೆ ತಾನ ಬಂದಾನ! ಇದನ್ನ ಕಲ್ಲಿಲೆ ಕುಟ್ಟತಿದ್ರೇನೋ ಪಾಪಿಗೋಳಾ?"

ಹುಚ್ಚೀರಪ್ಪ ಅಯ್ಯನವರ ಮುಖ ನೋಡಿದ. ಅಯ್ಯನವರು ಚಹಾದ ಕಪ್ಪು ಕೆಳಗಿಟ್ಟು ಸ್ವಲ್ಪ ಯೋಚಿಸಿದರು. ಮನೆಯ ಎತ್ತು ಮನೆಗೆ ಬಂದಿದೆ, ಇದು ದೋಷವಲ್ಲ, ಶುಭಸೂಚನೆ ಎಂದರು. ಹೊರಗಿನವರ ಕೈ ತಾಕಿದ್ದಕ್ಕೆ ಮಾತ್ರ ಶುದ್ಧಿ ಆಗಬೇಕು.

ಆಮೇಲೆ ಎಲ್ಲವೂ ಜಲ್ದಿ ಜಲ್ದಿ ನಡೆಯಿತು. ಹಾಲು ಬಂತು, ತುಪ್ಪ ಬಂತು. ಎಲುಬನ್ನು ತೊಳೆದರು. ಹಿತ್ತಾಳೆಯ ತಟ್ಟೆಯಲ್ಲಿಟ್ಟು ವಿಭೂತಿ ಬಳಿದರು, ಅರಿಷಿಣ ಕುಂಕುಮ ಏರಿಸಿದರು. ಹೆಂಗಸರು ಆರತಿ ಹಿಡಿದರು. ಬೆಳಿಗ್ಗೆಯವರೆಗೆ ಸಾವಂತ್ರೆವ್ವನ ಸೆರಗಿನ ಗಂಟಿನಲ್ಲಿದ್ದ ಸಾಮಾನು ಹೊಸ್ತಿಲು ದಾಟಿ, ಪಡಸಾಲೆ ದಾಟಿ, ಅವಳ ಕಣ್ಣಿಗೆ ಕಾಣದ ದೇವರಮನೆಗೆ ಹೋಯಿತು. ಒಳಗೆ ಗಂಟೆಯ ಸದ್ದಾಯಿತು.

ಮೂವರೂ ಬಿಸಿಲಿನಲ್ಲೇ ನಿಂತಿದ್ದರು. ಹೋಗು ಎಂದು ಯಾರೂ ಹೇಳಿರಲಿಲ್ಲ.

ಬಸವಣ್ಣೆವ್ವ ಕಣ್ಣೊರೆಸಿಕೊಳ್ಳುತ್ತ ಮತ್ತೆ ಬಾಗಿಲಿಗೆ ಬಂದು, "ಅವರಿಗೆ ಉಣ್ಣಾಕ ನೀಡ್ರಿ. ಆಚೆ, ಕೊಟ್ಟಿಗಿ ಕಡೆ ಕೂಡಿಸ್ರಿ" ಎಂದಳು. ದನಿಯಲ್ಲಿ ನಿಜವಾದ ಅಂತಃಕರಣವಿತ್ತು.

ಸಾವಂತ್ರೆವ್ವ ಕೈ ಮುಗಿದಳು. "ಊಟ ಬ್ಯಾಡ್ರಿ ಅವ್ವಾರ. ಅದು ನನ್ನ ಕೆಲಸದ ಸಾಮಾನ್ರಿ. ಅದಿಲ್ಲಂದ್ರ ನನಗ ಕೆಲಸಿಲ್ರಿ. ಪೂಜಿ ಆದಮ್ಯಾಲ ಕೊಡ್ರಿ."

ಮುದುಕಿಗೆ ಮಾತು ಅರ್ಥವಾಗಲಿಲ್ಲ. ಸೊಸೆ ಅವಳ ಕಿವಿಯಲ್ಲಿ ಹೇಳಿದಳು. ಮುದುಕಿ ನಕ್ಕಳು, ಮಗುವಿನ ಮಾತಿಗೆ ನಗುವಂತೆ.

"ಹುಚ್ಚಿ! ದೇವರ ಜಗಲಿ ಮ್ಯಾಲ ಕುಂತದ್ದನ್ನ ಯಾರರ ವಾಪಸ್ ಕೊಡ್ತಾರೇನ?"

"ಅಡ್ಡ ಬೀಳೂದು ಉಳೀತಲ್ಲ" ಎಂದು ಹುಚ್ಚೀರಪ್ಪ ನೆನಪಿಸಿದ. ತಾಯಿ ಅತ್ತದ್ದರಿಂದ ಅವನಿಗೆ ಯಾಕೋ ಇನ್ನಷ್ಟು ಸಿಟ್ಟು ಬಂದಂತಿತ್ತು. "ಇಷ್ಟ ವರ್ಷ ನಮ್ಮ ಮನಿ ಬಸವಣ್ಣನ್ನ ಒಯ್ದು ಹೊಟ್ಟಿ ಹೊರಕೊಂಡಿ. ಬೀಳು."

ಮಮತಾ ಅವ್ವನ ರಟ್ಟೆ ಹಿಡಿದಳು. ಸಾವಂತ್ರೆವ್ವ ಸುದೀಪನ ಕಡೆ ನೋಡಿದಳು. "ಬಿದ್ರ ಆ ವಿಡಿಯೋ ಅಳಸ್ತೀಯೇನಪಾ?"

"ನೀ ಬೀಳು ಮೊದಲ. ಆಮ್ಯಾಲ ನೋಡೂಣು."

ಅವಳು ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕಾದ ನೆಲದ ಮೇಲೆ ಉದ್ದಕ್ಕೆ ಮಲಗಿದಳು. ಹಣೆ ಮಣ್ಣಿಗೆ ತಾಗಿತು. ಸುದೀಪ ಮೊಬೈಲು ಹಿಡಿದು ಸುತ್ತ ಒಂದು ಸುತ್ತು ಬಂದ. ಅವಳು ಎದ್ದು ಮುಖ ಒರೆಸಿಕೊಳ್ಳುವಾಗ, ಕಿಟಕಿಯ ಹಿಂದೆ ನಿಂತಿದ್ದ ಮದುಮಗಳು ನೇತ್ರಾ ಮೆಲ್ಲಗೆ ಕೇಳಿದಳು:

"ಉಳದ ಕಾರ್ಡ ಯಾವಾಗ ಬರ್ತಾವು?"

ಕೇರಿಗೆ ಮರಳುವ ದಾರಿಯಲ್ಲಿ ತಿರಕಪ್ಪ ಕೋಲು ಊರುತ್ತ ಮುಂದೆ ನಡೆದ. ಬಸ್‌ಸ್ಟ್ಯಾಂಡಿನ ಹತ್ತಿರ ಬಂದಾಗ ಮಾತ್ರ ನಿಂತ.

"ಅವತ್ತ ಕರಿಗಣ್ಯಾನ್ನ ಎಳಕೊಂಡು ಹೋಗೂಮುಂದ ಇದ ಮುದುಕಿ ತನ್ನ ಮೂಗು ಮುಚ್ಕೊಂಡು, ಜಲ್ದಿ ಒಯ್ಯೋ, ನಾತ ಹೊಡಿಯಾಕತ್ತೈತಿ ಅಂದಿದ್ಲು" ಎಂದ. "ನಾ ಇವತ್ತ ಬಾಯಿ ಬಿಡಬಾರದಾಗಿತ್ತವ್ವಾ. ಸುಮ್ನ ಕುಟ್ಟಿ ಬಿಟ್ಟಿದ್ರ ಒಂದ ಚೂರರ ನಿನಗ ಸಿಗತಿತ್ತು."

---

ಬುಧವಾರ ಮಧ್ಯಾಹ್ನ ಒಂದು ಗೂಡ್ಸ್ ಆಟೋ ಸಾವಂತ್ರೆವ್ವನ ಓಣಿಗೆ ಬಂದು ನಿಂತಿತು. ಸಿದ್ದಾರೂಢ ಇಳಿದು ಆಚೆ ಈಚೆ ನೋಡಿ ಒಳಗೆ ಬಂದ. ಇಷ್ಟು ವರ್ಷಗಳಲ್ಲಿ ಅವನು ಆ ಮನೆಗೆ ಬಂದದ್ದು ಅದೇ ಮೊದಲು. ಆಟೋದವನು ಬಟ್ಟೆ ಮುಚ್ಚಿದ ಕಟ್ಟುಗಳನ್ನು ತಂದು ಹೊಸ್ತಿಲಾಚೆಯೇ ನಿಂತು ಒಳಗೆ ಸರಿಸಿದ.

"ಉಳದ ಪತ್ರಿಕಿ" ಎಂದ ಸಿದ್ದಾರೂಢ. "ಉಳದವ್ರು ಮಡಚಾಕ ಹೋಗಿ ಬರೇ ಒಡದು ಇಟ್ಟಾರ. ಬಂಗಾರ ಎಲ್ಲಾ ಉದುರಾಕತ್ತೈತಿ. ಹೊಸಾ ಹೊಡಸಾಕ ವ್ಯಾಳ್ಯಾ ಇಲ್ಲ. ನಾಳಿ ಹೊತ್ತ ಮುಣಗೂದ್ರಾಗ ಸಾವ್ಕಾರ್ರಿಗೆ ಮುಟ್ಟಸಬೇಕು. ನೀನ ಮಾಡಬೇಕು ಸಾವಂತ್ರೆವ್ವಾ."

"ನಾ ಮುಟ್ಟಬಾರದಲ್ರಿ?"

"ಅವರಿಗೇನ ಗೊತ್ತಾಗತೈತಿ? ಅಂಗಡಿಯಾಗ ಮಾಡೀವಿ ಅಂತೀನಿ."

"ಯಾತರ್ಲೆ ಮಾಡ್ಲಿರಿ?"

ಸಿದ್ದಾರೂಢ ಕಿಸೆಯಿಂದ ಪ್ಲಾಸ್ಟಿಕ್ಕಿನ ಪಟ್ಟಿ ತೆಗೆದು ಅವಳ ಮುಂದಿಟ್ಟ. ಅವಳು ಒಂದು ಪತ್ರಿಕೆ ತೆಗೆದು ಗೆರೆ ಹಾಕಿ, ಮಡಿಸಿ, ಪಟ್ಟಿಯಿಂದ ತೀಡಿ ತೋರಿಸಿದಳು. ಬಂಗಾರದ ಬಳ್ಳಿಯ ಮೇಲೆ ಬೂದು ಗೆರೆ ಎದ್ದಿತು. ಅವನೂ ನೋಡಿದ.

"ಹೆಂಗರ ಮಾಡವ್ವಾ."

"ನಾಳಿಂದ ಕೆಲಸಕ್ಕ ಬರ್ಲೇನ್ರಿ?"

ಅವನು ನೆಲ ನೋಡಿದ. "ಮಮತಾನ್ನ ಕಳಸು. ನಿನ್ನ ಸದ್ಯೇಕ ಒಳಗ ತಗೊಳ್ಳಾಕ ಆಗೂದಿಲ್ಲ. ಸಾವ್ಕಾರ್ರ ಕಣ್ಣು ಅಂಗಡಿ ಮ್ಯಾಲ ಐತಿ."

"ಹಂಗಾದ್ರ ಇದನ್ನ ತಗೊಂಡು ಹೋಗ್ರಿ" ಎಂದಳು ಮಮತಾ. ಕಟ್ಟನ್ನು ಹೊಸ್ತಿಲ ಕಡೆ ನೂಕಿದಳು. "ನಮ್ಮ ಕೈ ಬೇಕು, ನಾವು ಬ್ಯಾಡ. ನಿಮ್ಮ ಸಾವ್ಕಾರ ತಾನ ಕುಂತು ಮಡಚಲಿ."

ಸಿದ್ದಾರೂಢನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಅವನು ಸೋತ ದನಿಯಲ್ಲಿ, "ಆ ಹುಡುಗ ವಿಡಿಯೋ ಅಳಸಿಲ್ಲ ತಂಗಿ" ಎಂದ. "ನಿನ್ನೆ ಫೋನ್ ಮಾಡಿದ್ದ. ಕಾರ್ಡ ತಡಾ ಆದ್ರ ಸಾಬಂದು ಬಿಡ್ತೀನಿ ಅಂದಾನ. ಬುಡ್ಡೇಸಾಬ ನಿನ್ನೆಯಿಂದ ಕೆಲಸಕ್ಕ ಬಂದಿಲ್ಲ. ಮನಿ ಬಾಗಲಾ ಹಾಕ್ಕೊಂಡು ಕುಂತಾರ."

ಮಮತಾ ನೂಕಿದ ಕಟ್ಟನ್ನು ಸಾವಂತ್ರೆವ್ವ ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು.

ಸಿದ್ದಾರೂಢ ಹೋದ. ಅವಳು ಮಸಿ ತೀರಿದ ಪೆನ್ನು ಹುಡುಕಿ, ಗೋಡೆಗೆ ಬೆನ್ನು ಕೊಟ್ಟು ಕೂತು ಗೆರೆ ಹಾಕಿದಳು, ಮಡಿಸಿದಳು. ಚಮಚದ ಹಿಂಬದಿಯಿಂದ ತೀಡಿ ನೋಡಿದಳು; ಬಂಗಾರ ಕೆರೆದು ಬಂತು. ಬಳೆಯ ಚೂರಿನಿಂದ ನೋಡಿದಳು; ಕಾಗದ ಹರಿಯಿತು. ಕಡೆಗೆ ಹೆಬ್ಬೆರಳಿನ ಉಗುರನ್ನು ಮಡಿಕೆಯ ಮೇಲಿಟ್ಟು ಒಂದೇ ಉಸಿರಿಗೆ ಎಳೆದಳು. ಕಲೆ ಬೀಳಲಿಲ್ಲ, ಬಿರುಕು ಬಿಡಲಿಲ್ಲ. ಬಾಗಿಲು ಮುಚ್ಚಿದಂತೆ ಪತ್ರಿಕೆ ಸುಮ್ಮನೆ ಮುಚ್ಚಿಕೊಂಡಿತು.

"ಉಗರಲೆ ಎಷ್ಟಂತ ಮಾಡ್ತಿ ಬೇ?"

"ಆದಷ್ಟು."

ಸ್ವಲ್ಪ ಹೊತ್ತು ಮಮತಾ ಮೂಲೆಯಲ್ಲಿ ಕೂತು ನೋಡಿದಳು. ಆಮೇಲೆ ಎದ್ದು ಬಂದು ಎದುರಿಗೆ ಕೂತು ಗೆರೆ ಹಾಕಿಕೊಡತೊಡಗಿದಳು. ಮುಚ್ಚಿದ ಗಣಪತಿಗಳು ಗೋಡೆಯ ಪಕ್ಕ ಒಂದರ ಮೇಲೊಂದು ಏರುತ್ತ ಹೋದರು. ಮರುದಿನ ಬೆಳಿಗ್ಗೆಯ ಹೊತ್ತಿಗೆ ಸಾವಂತ್ರೆವ್ವನ ಬಲಗೈ ಉಗುರು ನಡುವೆ ಸೀಳಿತ್ತು. ಎಡಗೈಗೆ ಬದಲಾಯಿಸಿದಳು. ಅದೂ ಕಿತ್ತು ಬಂದಾಗ ಮಗಳು ಪೆನ್ನು ಕೆಳಗಿಟ್ಟು, "ಸರಿ ಅತ್ತಾಗ" ಎಂದು ಅವ್ವನನ್ನು ಸರಿಸಿ, ತನ್ನ ಹೆಬ್ಬೆರಳನ್ನು ಮಡಿಕೆಯ ಮೇಲಿಟ್ಟಳು. ಎಳೆಯ ಉಗುರು ಅದು. ಮೊದಲ ಎಳೆತಕ್ಕೇ ಅವಳು ತುಟಿ ಕಚ್ಚಿದಳು. ಸಾವಂತ್ರೆವ್ವ ಬೇಡ ಎನ್ನಲಿಲ್ಲ. ಬೇಡ ಎನ್ನಲು ಅವಳ ಹತ್ತಿರ ಬೇರೆ ಬೆರಳಿರಲಿಲ್ಲ.

ಹೊತ್ತು ಇಳಿಯುವಾಗ ಆಟೋದವನು ಬಂದು ಹಾರ್ನು ಹೊಡೆದ. ಹೊಸ್ತಿಲಾಚೆ ನಿಂತು, "ತರ್ರಿ ಜಲ್ದಿ" ಎಂದ. ತಾಯಿ ಮಗಳು ಕಟ್ಟುಗಳನ್ನು ಹೊತ್ತು ತಂದು ಕಟ್ಟೆಯ ಮೇಲಿಟ್ಟರು. ಅವನು ಅವನ್ನು ಮುಟ್ಟದೆ ಮೊದಲು ಕಿಸೆಯಿಂದ ಸಣ್ಣ ಪ್ಲಾಸ್ಟಿಕ್ ಬಾಟಲಿಯೊಂದನ್ನು ತೆಗೆದ. ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿದ್ದರು.

"ಏನಪಾ ಅದು?"

"ತೀರ್ಥರೀ. ಡೋಣಿಯಿಂದ ಅಯ್ಯನೋರು ಕೊಟ್ಟು ಕಳಿಸ್ಯಾರಂತ. ಅಂಗಡಿಯಿಂದ ಹೊರಡೂಮುಂದ ಕಟ್ಟಿನ ಮ್ಯಾಲ ಚಿಮುಕ್ಸಿ ತರಬೇಕಂತ. ಮಾಲಕ್ರು ಇಲ್ಲೇ ಚಿಮುಕ್ಸು ಅಂದ್ರು." ಅವನಿಗೂ ನಾಚಿಕೆಯಾಗಿತ್ತು. ಮುಖ ತಿರುಗಿಸಿಕೊಂಡು, ಪತ್ರಿಕೆ ತೊಯ್ಯದಂತೆ ಕಟ್ಟುಗಳ ಮೇಲಿನ ಬಟ್ಟೆಗೆ ಹನಿಹನಿಯಾಗಿ ಸಿಂಪಡಿಸತೊಡಗಿದ.

ಸಾವಂತ್ರೆವ್ವ ನೋಡುತ್ತ ನಿಂತಳು. ಆಮೇಲೆ ಎರಡೂ ಕೈ ಮುಂದೆ ಚಾಚಿದಳು. ಸೀಳಿದ ಹೆಬ್ಬೆರಳುಗಳ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು. ಒಣಗಿದ್ದರ ಕೆಳಗೆ ಇನ್ನೂ ಹಸಿ ಇತ್ತು.

"ಇದಕ್ಕೂ ಒಂದೀಟು ಹಾಕು" ಎಂದಳು. "ಉರಿಯಾಕತ್ತೈತಿ."

ಆಟೋದವನು ಬಾಟಲಿ ಹಿಡಿದುಕೊಂಡು ನಿಂತೇ ಇದ್ದ. ಮಮತಾ ಒಳಗಿನಿಂದ ಬಂದು ಅವ್ವನ ಪಕ್ಕದಲ್ಲಿ ತನ್ನ ಕೈಯನ್ನೂ ಚಾಚಿದಳು.